ಯಿಶಿಂಗ್ ಮಣ್ಣಿನ ಟೀಪಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊಟದ ಮೇಜಿನ ಮೂಲೆಯಲ್ಲಿ ಒಂದು ಬಿದಿರಿನ ತಟ್ಟೆ, ಅದರ ಮೇಲೆ ಮೂಸಂಬಿ ಗಾತ್ರದ ಕಂದು ಟೀಪಾಟ್. ಮನೆಗೆ ಬಂದವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. “ಏನಿದು, ಮಕ್ಕಳ ಆಟದ ಸಾಮಾನಾ?” ಎಂದು ಶುರುವಾದ ಮಾತು “ನನಗೂ ಒಂದು ತರಿಸಿಕೊಡ್ತೀರಾ?” ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹೀಗೆ ಎದುರಿಗೆ ಕೂತು ಕೇಳಿದ್ದು, ಆಮೇಲೆ ಮೆಸೇಜಿನಲ್ಲಿ, ಪತ್ರದಲ್ಲಿ ಕೇಳಿದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ನಾನು ಇದರ ವ್ಯಾಪಾರ ಮಾಡುವವನಲ್ಲ. ಮೂರು ಪಾಟ್ ಇವೆ, ದಿನಾ ಬೆಳಿಗ್ಗೆ ಅವುಗಳಲ್ಲೊಂದನ್ನು ತೆಗೆಯುತ್ತೇನೆ, ಅಷ್ಟೆ.

## ಮೊದಮೊದಲು ಕೇಳುವವು

ಇದು ಎಲ್ಲಿಯದು? ಏನಿದರ ವಿಶೇಷ?

ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್ ಸರೋವರದ ಪಶ್ಚಿಮಕ್ಕೆ ಯಿಶಿಂಗ್ ಎಂಬ ಊರಿದೆ. ಅದಕ್ಕೆ ಸೇರಿದ ದಿಂಗ್‌ಶು ಪಟ್ಟಣದಲ್ಲಿ ಬೀದಿ ಬೀದಿಯೂ ಕುಂಬಾರಿಕೆಯದೇ. ಪಕ್ಕದ ಹುವಾಂಗ್‌ಲೊಂಗ್ ಬೆಟ್ಟದ ಒಡಲಲ್ಲಿ ಸಿಗುವ ಮಣ್ಣಿಗೆ ‘ಜಿಶಾ’ ಎನ್ನುತ್ತಾರೆ, ಹಾಗೆಂದರೆ ನೇರಳೆ ಮರಳು. ಅದರಿಂದ ಮಾಡಿದ ಪಾಟ್‌ಗೆ ಒಳಗೂ ಹೊರಗೂ ಗಾಜಿನಂಥ ಹೊಳಪಿನ ಲೇಪ ಹಚ್ಚುವುದಿಲ್ಲ. ಚಹಾ ನೇರವಾಗಿ ಮಣ್ಣನ್ನೇ ಮುಟ್ಟುತ್ತದೆ. ಇದರ ಬಗ್ಗೆ ಹುಟ್ಟಿರುವ ಹೊಗಳಿಕೆ, ಕಟ್ಟುಕಥೆ, ಜಗಳ ಎಲ್ಲಕ್ಕೂ ಮೂಲ ಈ ಒಂದು ಸಂಗತಿ.

ಮಣ್ಣಿನದು ಅಂದ್ರೆ ನಮ್ಮ ಮಡಕೆ ಥರಾನೇ ತಾನೆ?

ಹೆಸರಿಗೆ ಎರಡೂ ಮಣ್ಣು. ನಮ್ಮ ನೀರಿನ ಮಡಕೆಯನ್ನು ಕಡಿಮೆ ಕಾವಿನಲ್ಲಿ ಸುಡುತ್ತಾರೆ, ಮೈಯಿಂದ ನೀರು ಜಿನುಗುತ್ತದೆ, ಜಿನುಗುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಜಿಶಾ ಸುಡುವುದು ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅದು ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಒಂದು ಹನಿ ಸೋರುವುದಿಲ್ಲ. ಆದರೂ ಪಿಂಗಾಣಿಯ ಹಾಗೆ ಪೂರ್ತಿ ಮುಚ್ಚಿಕೊಳ್ಳದೆ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮಡಕೆಗೂ ಪಿಂಗಾಣಿಗೂ ನಡುವಿನ ಜಾತಿ ಅನ್ನಿ.

ಅದು ಕೆರೆಯ ಜೇಡಿಮಣ್ಣೂ ಅಲ್ಲ. ಬೆಟ್ಟದಿಂದ ತೆಗೆಯುವಾಗ ಅದು ಕಲ್ಲು. ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಡ್ಡಿ, ಪುಡಿಯಾದ ಮೇಲೆ ಬೀಸಿ, ಜರಡಿ ಹಿಡಿದು, ನೀರು ಕಲಸಿ, ಮತ್ತೆ ಮುಚ್ಚಿಟ್ಟು ಹಣ್ಣಾಗಲು ಬಿಡುತ್ತಾರೆ. ಜರಡಿ ಹಿಡಿದರೂ ಮರಳಿನಂಥ ಕಣ ಉಳಿಯುತ್ತದೆ, ಉಳಿಯಬೇಕು ಕೂಡ.

ಇದರಾಗ ನಮ್ಮ ಹಾಲಿನ ಚಾ ಮಾಡಬಹುದೇನ್ರಿ?

ಮಾಡಬ್ಯಾಡ್ರಿ. ಹಾಲಿನ ಜಿಡ್ಡು ಆ ರಂಧ್ರಗಳಲ್ಲಿ ಕೂತರೆ ಹಳಸಿದ ವಾಸನೆ ಹೋಗುವುದಿಲ್ಲ. ಇನ್ನೊಂದು ತೊಂದರೆ ಪುಡಿಯದ್ದು: ನಮ್ಮ ಅಂಗಡಿಗಳಲ್ಲಿ ಸಿಗುವ ಹರಳು ಹರಳಾದ ಸಿಟಿಸಿ ಚಹಾಪುಡಿ ಮೂತಿಯ ಒಳಗಿನ ತೂತುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಶುಂಠಿ, ಏಲಕ್ಕಿ, ಹಾಲು ಹಾಕಿ ಕುದಿಸುವ ಚಹಾಕ್ಕೆ ಸ್ಟೀಲ್ ಪಾತ್ರೆಯೇ ಸರಿ. ಸಂಜೆ ನಾನು ಕುಡಿಯುವುದೂ ಅದನ್ನೇ.

ಇಷ್ಟು ಚಿಕ್ಕದಾ? ಒಬ್ಬರ ಗಂಟಲಿಗೂ ಸಾಲಲ್ಲ!

ನನ್ನದು 110 ಮಿಲಿಯದು, ಒಂದು ಕಾಫಿ ಲೋಟಕ್ಕಿಂತ ಕಡಿಮೆ. ಆದರೆ ಇದರಲ್ಲಿ ಒಂದೇ ಸಲ ಮಾಡಿ ಮುಗಿಸುವುದಿಲ್ಲ. 5–6 ಗ್ರಾಂ ಎಲೆ ಹಾಕಿದರೆ ಪಾಟ್ ಕಾಲು ಭಾಗ ತುಂಬುತ್ತದೆ, ಎಲೆ ಅರಳಿದಾಗ ಕಂಠದವರೆಗೂ ಬರುತ್ತದೆ. ಕುದಿನೀರು ಹಾಕಿ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಪೂರ್ತಿ ಬಸಿಯಬೇಕು. ಮತ್ತೆ ನೀರು, ಮತ್ತೆ ಬಸಿ. ಅದೇ ಎಲೆಯಿಂದ ಏಳೆಂಟು ಸಲ ಚಹಾ ಬರುತ್ತದೆ, ಪ್ರತಿ ಸಲವೂ ರುಚಿ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ದಕ್ಷಿಣ ಚೀನಾದ ಚಾವ್‌ಝೋ, ಫುಜಿಯಾನ್ ಕಡೆಯ ‘ಗೊಂಗ್‌ಫು’ ಪದ್ಧತಿ ಇದು. ಮನೆಮಂದಿಗೆಲ್ಲ ಒಟ್ಟಿಗೆ ಮಾಡಬೇಕೆಂದರೆ 200–250 ಮಿಲಿಯದು ತೆಗೆದುಕೊಳ್ಳಿ, ಎಲೆ ಕಡಿಮೆ ಹಾಕಿ, ಹೆಚ್ಚು ಹೊತ್ತು ಬಿಡಿ. ತಪ್ಪೇನಿಲ್ಲ.

ಗ್ಯಾಸ್ ಒಲೆ ಮೇಲೆ ಇಡಬಹುದಾ?

ಇಡಬೇಡಿ. ನೀರು ಕಾಯಿಸುವುದು ಕೆಟಲ್ಲಿನ ಕೆಲಸ. ಪಾಟ್ ಇರುವುದು ಎಲೆ ನೆನೆಸಲು ಮಾತ್ರ.

## ಮಣ್ಣು ಮತ್ತು ಕೈಗೆಲಸ

ಕೆಂಪು, ಕಂದು, ಹಳದಿ ಅಂತ ಬೇರೆ ಬೇರೆ ಬಣ್ಣ ಇರುತ್ತಲ್ಲ, ಬಣ್ಣ ಬಳಿಯುತ್ತಾರಾ?

ಒಳ್ಳೆಯ ಪಾಟ್‌ನ ಬಣ್ಣ ಮಣ್ಣಿನದೇ, ಮುಖ್ಯವಾಗಿ ಅದರಲ್ಲಿರುವ ಕಬ್ಬಿಣದ್ದು. ಸುಡುವ ಕಾವು ಹೆಚ್ಚು ಕಡಿಮೆಯಾದರೆ ಅದೇ ಮಣ್ಣು ಬೇರೆ ಛಾಯೆ ಕೊಡುತ್ತದೆ. ದೊಡ್ಡದಾಗಿ ಮೂರು ಜಾತಿ ನೆನಪಿಟ್ಟುಕೊಂಡರೆ ಸಾಕು.

ಜಿನಿ, ಕಂದು ನೇರಳೆ. ಮರಳು ಮರಳಾಗಿ, ರಂಧ್ರಗಳು ಹೆಚ್ಚಿರುವ, ಸ್ವಭಾವದಲ್ಲಿ ಸಾಧುವಾದ ಮಣ್ಣು. ಮೊದಲ ಪಾಟ್ ಇದೇ ಇರಲಿ. ಎರಡನೆಯದು ಕೆಂಪು ಮಣ್ಣು. ಅದರಲ್ಲಿ ಝೂನಿ ಎನ್ನುವ ನಯವಾದ ಜಾತಿಗೆ ಬೆಲೆಯೂ ಹೆಚ್ಚು, ಕಾಟವೂ ಹೆಚ್ಚು. ಒಣಗುವಾಗ, ಸುಡುವಾಗ ಅದು ವಿಪರೀತ ಕುಗ್ಗುತ್ತದೆ, ಎಷ್ಟೋ ಪಾಟ್‌ಗಳು ಆವಿಗೆಯಲ್ಲೇ ಸೀಳುತ್ತವೆ ಇಲ್ಲವೇ ಸೊಟ್ಟಗಾಗುತ್ತವೆ. ಝೂನಿ ಪಾಟ್‌ಗಳು ಸಣ್ಣವೇ ಇರುವುದಕ್ಕೆ ಇದೂ ಒಂದು ಕಾರಣ. ಮೂರನೆಯದು ದುವಾನ್‌ನಿ, ಹುರಿಗಡಲೆ ಬಣ್ಣದ್ದು. ನೋಡಲು ಚೆಂದ, ಆದರೆ ಕಾವು ಸಾಲದೆ ಸುಟ್ಟಿದ್ದರೆ ಕೆಲವು ತಿಂಗಳಲ್ಲಿ ಮೈಮೇಲೆ ಕಪ್ಪು ಕಲೆ ಏಳುತ್ತದೆ. ಆ ಊರಿನವರು ಇದಕ್ಕೆ ‘ಕಪ್ಪು ಉಗುಳುವುದು’ ಎನ್ನುತ್ತಾರೆ. ಹಸಿರು ಛಾಯೆಯ ಮಣ್ಣೂ ಇದೆ, ಅಪರೂಪ.

ತಿಗರಿ ಮೇಲೆ ತಿರುಗಿಸಿ ಮಾಡ್ತಾರಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. ಮರಳು ಕಣದ ಈ ಮಣ್ಣು ತಿಗರಿಗೆ ಸುಲಭವಾಗಿ ಬಗ್ಗುವುದಿಲ್ಲ. ಯಿಶಿಂಗ್‌ನವರು ಪಾಟನ್ನು ತಟ್ಟಿ ಕಟ್ಟುತ್ತಾರೆ. ಅಕ್ಕಿರೊಟ್ಟಿ ತಟ್ಟುವ ಕೈಗೆ ಇದು ಬೇಗ ಅರ್ಥವಾಗುತ್ತದೆ.

ಮಣ್ಣಿನ ಉಂಡೆಯನ್ನು ಮರದ ಕೊಡತಿಯಿಂದ ಬಡಿದು ಕೆಲವೇ ಮಿಲಿಮೀಟರ್ ದಪ್ಪದ ಹಾಳೆ ಮಾಡುತ್ತಾರೆ. ಅದರಿಂದ ಒಂದು ಉದ್ದನೆಯ ಪಟ್ಟಿ, ಎರಡು ಬಿಲ್ಲೆ ಕತ್ತರಿಸುತ್ತಾರೆ. ಪಟ್ಟಿಯನ್ನು ಸುತ್ತಿ ಎರಡು ಅಂಚು ಕೂಡಿಸಿದರೆ ಒಂದು ಕೊಳವೆ. ಅದನ್ನು ಕೈಯಿಂದ ತಿರುಗಿಸುವ ಪುಟ್ಟ ಪೀಠದ ಮೇಲೆ ನಿಲ್ಲಿಸಿ, ಎಡಗೈ ಬೆರಳುಗಳನ್ನು ಒಳಗೆ ಆನಿಸಿ, ಬಲಗೈಯಲ್ಲಿ ತೆಳ್ಳನೆ ಹಲಗೆ ಹಿಡಿದು ಹೊರಗಿನಿಂದ ಪಟಪಟ ಬಡಿಯುತ್ತ ಹೋಗುತ್ತಾರೆ. ಕೊಳವೆಯ ಬಾಯಿ ಮೆಲ್ಲಗೆ ಒಳಕ್ಕೆ ಬಾಗುತ್ತದೆ. ಒಂದು ಕಡೆ ಬಿಲ್ಲೆ ಅಂಟಿಸಿ, ಬೋರಲು ಹಾಕಿ, ಇನ್ನೊಂದು ಕಡೆಯನ್ನೂ ಹಾಗೇ ಬಡಿದು ಬಾಗಿಸಿ ಎರಡನೇ ಬಿಲ್ಲೆಯಿಂದ ಮುಚ್ಚುತ್ತಾರೆ. ಈಗ ಅದು ಎಲ್ಲೂ ಬಾಯಿಲ್ಲದ ಟೊಳ್ಳು ಉಂಡೆ. ಒಳಗೆ ಸಿಕ್ಕ ಗಾಳಿಯೇ ಅದನ್ನು ಎತ್ತಿ ಹಿಡಿದಿರುತ್ತದೆ. ಆ ಉಂಡೆಯನ್ನು ತಿದ್ದಿ ತೀಡಿ ರೂಪ ಬಂದ ಮೇಲಷ್ಟೇ ಬಾಯಿ ಕೊರೆಯುವುದು. ಮೂತಿ, ಹಿಡಿಗಳನ್ನು ಬೇರೆ ಹೊಸೆದು, ಅದೇ ಮಣ್ಣಿನ ತೆಳು ರಾಡಿಯಿಂದ ಅಂಟಿಸುತ್ತಾರೆ. ಚೌಕ ಪಾಟ್ ಆದರೆ ಬಡಗಿಯ ಕೆಲಸ: ಹಾಳೆಗಳನ್ನು ಕತ್ತರಿಸಿ ಪೆಟ್ಟಿಗೆ ಜೋಡಿಸಿದಂತೆ ಜೋಡಿಸುವುದು.

ಕೊನೆಗೆ ಎಮ್ಮೆ ಕೊಂಬಿನಿಂದ ಮಾಡಿದ, ಕಾಗದದ ಹಾಗೆ ಬಾಗುವ ತೆಳು ಪಟ್ಟಿಯಿಂದ ಇಡೀ ಮೈಯನ್ನು ಉಜ್ಜುತ್ತಾರೆ. ಮರಳು ಕಣಗಳು ಒಳಗೆ ಸರಿದು ನುಣ್ಣನೆ ಮಣ್ಣು ಮೇಲೆ ಬರುತ್ತದೆ. ಲೇಪವಿಲ್ಲದ ಪಾಟ್ ಹೊಸದರಲ್ಲೇ ಮಂದವಾಗಿ ಮಿನುಗುವುದು ಇದರಿಂದ.

‘ಹ್ಯಾಂಡ್‌ಮೇಡ್’ ಅಂತ ಬರೆದಿರೋದೆಲ್ಲ ಕೈಯಲ್ಲೇ ಮಾಡಿದ್ದಾ?

ಇಲ್ಲ. ಮಾರುಕಟ್ಟೆಯಲ್ಲಿ ಹೆಚ್ಚಿಗೆ ಇರುವುದು ‘ಅರ್ಧ ಕೈಗೆಲಸ’ದವು: ತಟ್ಟಿದ ಮಣ್ಣನ್ನು ಪ್ಲಾಸ್ಟರ್ ಅಚ್ಚಿನೊಳಗೆ ಒತ್ತಿ ಒಡಲಿಗೆ ರೂಪ ಕೊಟ್ಟು, ಜೋಡಣೆಯನ್ನೂ ಉಜ್ಜುವುದನ್ನೂ ಕೈಯಿಂದ ಮಾಡಿದ್ದು. 1950ರ ದಶಕದಿಂದ ಅಲ್ಲಿನ ಕಾರ್ಖಾನೆಗಳಲ್ಲಿ ಬೆಳೆದ ರೀತಿ ಇದು, ಮೋಸವೇನಲ್ಲ. ಮೋಸ ಆಗುವುದು ಇದನ್ನೇ ಪೂರ್ತಿ ಕೈಗೆಲಸ ಎಂದು ಮೂರು ಪಟ್ಟು ಬೆಲೆಗೆ ಮಾರಿದಾಗ. ಇದಕ್ಕಿಂತ ಕೆಳಗಿನದು, ತೆಳ್ಳಗೆ ಕರಗಿಸಿದ ಮಣ್ಣನ್ನು ಅಚ್ಚಿಗೆ ಸುರಿದು ಮಾಡುವ ಪಾಟ್. ಹಾಗೆ ಸುರಿಯಲು ಬರುವಂತೆ ಮಣ್ಣಿಗೆ ಬೇರೆ ವಸ್ತು ಸೇರಿಸಿರುತ್ತಾರೆ, ಮರಳಿನ ಗುಣವೇ ಹೋಗಿರುತ್ತದೆ. ಅದನ್ನು ಬಿಟ್ಟುಬಿಡಿ.

ಚಹಾದ ರುಚಿಯ ಮಟ್ಟಿಗೆ ಹೇಳುವುದಾದರೆ, ಒಳ್ಳೆಯ ಮಣ್ಣಿನ ಅರ್ಧ ಕೈಗೆಲಸದ ಪಾಟ್‌ಗೂ ಪೂರ್ತಿ ಕೈಗೆಲಸದ್ದಕ್ಕೂ ನನ್ನ ನಾಲಿಗೆ ವ್ಯತ್ಯಾಸ ಕಂಡಿಲ್ಲ. ಹೆಚ್ಚು ದುಡ್ಡು ಕೊಡುವುದು ಕೈಗೆ, ಕಣ್ಣಿಗೆ, ಮತ್ತು ಆ ಬಡಿತ ಕಲಿಯಲು ಒಬ್ಬರು ಕಳೆದ ವರ್ಷಗಳಿಗೆ.

ಐನೂರು ವರ್ಷದ ಹಳೇ ಕಲೆ ಅಂತಾರೆ, ನಿಜವೇ?

ಹೆಚ್ಚು ಕಡಿಮೆ ನಿಜ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು, ಅಚ್ಚೊತ್ತಿದ ಚಹಾ ಬಿಲ್ಲೆಗಳನ್ನು ಕಪ್ಪವಾಗಿ ಕಳಿಸುವುದನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಕಳಿಸಲು ಹೇಳಿದ. ಅಲ್ಲಿಯವರೆಗೆ ಚಹಾ ಎಂದರೆ ಹೆಚ್ಚಾಗಿ ಪುಡಿ ಮಾಡಿ ಬಟ್ಟಲಲ್ಲಿ ಕಡೆಯುವುದು. ಎಲೆ ನೆನೆಸಿ ಬಸಿಯುವ ರೂಢಿ ಹಬ್ಬಿದ ಮೇಲೆ ಪಾಟ್ ಬೇಕಾಯಿತು.

ಯಿಶಿಂಗ್‌ನವರು ಮೊದಲು ಹೇಳುವ ಹೆಸರು ಗೊಂಗ್ ಚುನ್. 16ನೇ ಶತಮಾನದ ಆರಂಭದಲ್ಲಿ ಜಿನ್‌ಶಾ ದೇವಾಲಯದಲ್ಲಿ ಓದಲು ಕೂತಿದ್ದ ಯಜಮಾನನ ಜೊತೆ ಬಂದ ಆಳು, ಅಲ್ಲಿನ ಸನ್ಯಾಸಿಯ ಕೈ ನೋಡಿ ಕಲಿತನಂತೆ. ಗಿಂಕೊ ಮರದ ಗಂಟಿನ ಹಾಗೆ ಪಾಟ್ ಮಾಡಿದ ಎನ್ನುವುದು ಕಥೆಯ ಮುಂದಿನ ಭಾಗ. ಕಥೆಯಲ್ಲದ ಸಾಕ್ಷಿಯೂ ಇದೆ: 1533ರ ವು ಜಿಂಗ್ ಎಂಬ ಆಸ್ಥಾನದ ನಪುಂಸಕ ಅಧಿಕಾರಿಯ ಸಮಾಧಿಯಲ್ಲಿ ಸಿಕ್ಕ, ಮೇಲೆ ಕಮಾನಿನಂಥ ಹಿಡಿಯಿರುವ ಪಾಟ್ ಈಗ ನಾನ್‌ಜಿಂಗ್‌ನ ಒಂದು ಮ್ಯೂಸಿಯಮ್ಮಿನಲ್ಲಿದೆ. ಅದರ ಮೈಮೇಲೆ ಆವಿಗೆಯಲ್ಲಿ ಪಕ್ಕದ ಪಾತ್ರೆಯಿಂದ ಸಿಡಿದ ಲೇಪದ ಕಲೆಗಳಿವೆ. ಆಗಿನ್ನೂ ಇದಕ್ಕೆ ಪ್ರತ್ಯೇಕ ಮರ್ಯಾದೆ ಸಿಕ್ಕಿರಲಿಲ್ಲ, ಸಾಮಾನ್ಯ ಜಾಡಿಗಳ ಜೊತೆಗೇ ಸುಡುತ್ತಿದ್ದರು ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಬಂದ ಶಿ ದಾಬಿನ್ ಮೊದಲು ದೊಡ್ಡ ಪಾಟ್‌ಗಳನ್ನೇ ಮಾಡುತ್ತಿದ್ದ. ಚಹಾ ಬಲ್ಲ ಪಂಡಿತರ ಮಾತು ಕೇಳಿ ಚಿಕ್ಕದಕ್ಕೆ ತಿರುಗಿದ. ಇನ್ನೂರು ವರ್ಷದ ಹಿಂದೆ ಚೆನ್ ಮಾನ್‌ಶೆಂಗ್ ಎಂಬ ಅಧಿಕಾರಿ ಆಕಾರ ಬರೆದುಕೊಟ್ಟು, ಯಾಂಗ್ ಪೆಂಗ್‌ನ್ಯೆನ್ ಎಂಬ ಕುಶಲಕರ್ಮಿ ಮಾಡಿ, ಮೈಮೇಲೆ ಕವಿತೆ ಕೆತ್ತುವ ಸಂಪ್ರದಾಯಕ್ಕೆ ಹೊಸ ಕಳೆ ಕೊಟ್ಟರು. ನಮ್ಮ ಕಾಲಕ್ಕೆ ದೊಡ್ಡ ಹೆಸರು ಗು ಜಿಂಗ್‌ಝೋ, 1915ರಿಂದ 1996ರವರೆಗೆ ಬದುಕಿದ್ದವರು.

## ಬಾಯಿಗೆ ಸಂಬಂಧಿಸಿದ್ದು

ನಿಜವಾಗ್ಲೂ ರುಚಿ ಬದಲಾಗುತ್ತಾ, ಇಲ್ಲಾ ದುಡ್ಡು ಕೊಟ್ಟ ಭ್ರಮೆನಾ?

ಈ ಪ್ರಶ್ನೆ ಹಾಕಿದ ಗೆಳೆಯನನ್ನೇ ಕೂರಿಸಿಕೊಂಡು ಒಂದು ಭಾನುವಾರ ಪರೀಕ್ಷೆ ಮಾಡಿದೆ. ವುಯಿ ಬೆಟ್ಟದ, ಚೆನ್ನಾಗಿ ಹುರಿದ ಶುಯಿಶ್ಯೆನ್ ಚಹಾ. ಜಿನಿ ಪಾಟ್‌ಗೆ 6 ಗ್ರಾಂ, ಅಷ್ಟೇ ಗಾತ್ರದ ಮುಚ್ಚಳದ ಪಿಂಗಾಣಿ ಬಟ್ಟಲಿಗೆ 6 ಗ್ರಾಂ. ಒಂದೇ ಕೆಟಲ್ಲಿನ ನೀರು, ಎರಡಕ್ಕೂ 12 ಸೆಕೆಂಡು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಬಸಿದು ಒಂದೇ ಥರದ ಲೋಟಗಳಲ್ಲಿ ತಂದಿಟ್ಟಳು, ಯಾವುದು ಯಾವುದರದ್ದೆಂದು ಬಾಯಿ ಬಿಡಲಿಲ್ಲ. ನಾಲ್ಕು ಸುತ್ತು ಕುಡಿದೆವು. ಚಹಾದ ಗಂಧಗಾಳಿಯಿಲ್ಲದ ಅವನು ಮೂರು ಸಲ ಸರಿಯಾಗಿ ಹೇಳಿದ. ನಾನೂ ಮೂರೇ. ನಾನು ಸೋತದ್ದು ಮೊದಲ ಸುತ್ತಿನಲ್ಲಿ, ಆಗ ಪಾಟನ್ನು ಬಿಸಿನೀರಿನಿಂದ ಕಾಯಿಸುವುದು ಅವಳಿಗೆ ಮರೆತಿತ್ತು.

ಪಿಂಗಾಣಿಯದರಲ್ಲಿ ಹುರಿದ ಘಮ ಮೊದಲು ಮೂಗಿಗೆ ಬಡಿಯಿತು, ನಾಲಿಗೆಯ ಅಂಚಿನಲ್ಲಿ ಒಗರು ಉಳಿಯಿತು. ಪಾಟಿನದರಲ್ಲಿ ಘಮ ಒಂದು ಹೆಜ್ಜೆ ಹಿಂದೆ, ಒಗರು ತಗ್ಗಿ, ಬಾಯಿ ತುಂಬ ಮಂದವಾದ, ಗಂಜಿಯ ತಿಳಿಯಂಥ ಅನುಭವ. ವ್ಯತ್ಯಾಸ ಇತ್ತು, ಆಕಾಶ ಪಾತಾಳದ್ದಲ್ಲ. ಒಂದೆರಡು ಸೆಕೆಂಡು ಹೆಚ್ಚು ಕಡಿಮೆ ಬಿಟ್ಟರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಅದೇ ಮಧ್ಯಾಹ್ನ ಹೂವಿನ ಪರಿಮಳದ ಎಳೆ ಊಲಾಂಗ್ (ಹಸಿರು ಚಹಾಕ್ಕೂ ಬ್ಲ್ಯಾಕ್ ಟೀಗೂ ನಡುವಿನ ಜಾತಿ) ಹಾಕಿದಾಗ ಇಬ್ಬರಿಗೂ ಪಿಂಗಾಣಿಯೇ ಹಿಡಿಸಿತು.

ಹಾಗಾಗೋದಕ್ಕೆ ಕಾರಣ ಏನು?

ಒಂದು, ಕಾವು. ದಪ್ಪ ಗೋಡೆ, ಚಿಕ್ಕ ಬಾಯಿ, ಬಿಗಿ ಮುಚ್ಚಳ. ನೀರಿನ ಬಿಸಿ ಬೇಗ ಇಳಿಯುವುದಿಲ್ಲ. ಕಾಯಿಸದೆ ನೀರು ಹಾಕಿದರೆ ಉಲ್ಟಾ: ತಣ್ಣನೆ ಗೋಡೆಯೇ ಬಿಸಿ ಹೀರಿಬಿಡುತ್ತದೆ. ಎರಡು, ಲೇಪವಿಲ್ಲದ ಒರಟು ಮೈ. ಅದು ಘಮದ ಒಂದಂಶವನ್ನು, ಚೂಪಾದ ರುಚಿಯ ಒಂದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗರಿರುವ ಚಹಾಕ್ಕೆ ಇದು ವರ, ಘಮವೇ ಬಂಡವಾಳವಾದ ಚಹಾಕ್ಕೆ ನಷ್ಟ. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಸುರಿಯುವ ವೇಗ. ನಿಧಾನ ಸುರಿಯುವ ಪಾಟ್‌ನಲ್ಲಿ ಎಲೆ ಇನ್ನೂ ಹತ್ತು ಸೆಕೆಂಡು ನೆನೆಯುತ್ತದೆ. ಮಣ್ಣಿನ ಮಹಿಮೆ ಎಂದು ಹೊಗಳುವ ಎಷ್ಟೋ ಸಂಗತಿ ಮೂತಿಯ ತೂತಿನದು.

ಯಾವ ಚಹಾಗೆ ಯಾವ ಪಾಟ್?

ಹುರಿದ ವುಯಿ ಚಹಾ, ಹಳೆಯ ಪು-ಅರ್, ಅದರಂತೆ ಹುದುಗಿಸಿದ ಬಲಿತ ಎಲೆಯ ಕಪ್ಪು ಚಹಾಗಳಿಗೆ ಜಿನಿ. ಗುವಾಂಗ್‌ಡಾಂಗ್‌ನ ದಾನ್‌ಚೊಂಗ್, ಫುಜಿಯಾನ್‌ನ ಟಿಯೆಗುವಾನ್‌ಯಿನ್ ಥರದ ಘಮದ ಊಲಾಂಗ್‌ಗಳಿಗೆ ತೆಳು ಗೋಡೆಯ ಝೂನಿ, ಅದರ ಮೈ ಸಾಂದ್ರ, ಘಮ ಕದಿಯುವುದು ಕಡಿಮೆ. ಲೊಂಗ್‌ಜಿಂಗ್‌ನಂಥ ಎಳೆ ಹಸಿರು ಚಹಾ ಬಿಗಿ ಪಾಟ್‌ನಲ್ಲಿ ಬೆಂದ ಸೊಪ್ಪಾಗುತ್ತದೆ, ಅದಕ್ಕೆ ಗಾಜಿನ ಲೋಟ ಸಾಕು.

ಡಾರ್ಜಿಲಿಂಗ್, ನೀಲಗಿರಿ ಹಾಕಬಹುದಾ?

ಧಾರಾಳವಾಗಿ, ಇಡೀ ಎಲೆಯದ್ದಾಗಿದ್ದರೆ. ಯಿಶಿಂಗ್‌ನಲ್ಲೇ ಕೆಂಪು ಚಹಾ (ನಾವು ಬ್ಲ್ಯಾಕ್ ಟೀ ಅನ್ನುವುದು) ಬೆಳೆಯುತ್ತಾರೆ, ಅಲ್ಲಿನವರು ಅದನ್ನು ತಮ್ಮ ಪಾಟ್‌ನಲ್ಲೇ ಮಾಡಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ನೀಲಗಿರಿ ಎಲೆ ಚಹಾ ಇದಕ್ಕೆ ನೆಂಟನೇ. ಮಾರ್ಚಿನಲ್ಲಿ ಬರುವ ಡಾರ್ಜಿಲಿಂಗ್‌ನ ಮೊದಲ ಕೊಯ್ಲಿಗೆ ಮಾತ್ರ ಪಿಂಗಾಣಿ ಬಳಸಿ. ಅದರ ಜೀವ ಇರುವುದು ಘಮದಲ್ಲಿ.

ಒಂದು ಪಾಟ್‌ಗೆ ಒಂದೇ ಚಹಾ ಅನ್ನೋ ನಿಯಮ ಪಾಲಿಸಲೇಬೇಕಾ?

ಒಂದೇ ತೋಟದ ಒಂದೇ ಚಹಾ ಎನ್ನುವುದು ಅತಿ. ಒಂದೇ ಕುಲದ್ದು ಎಂದಿಟ್ಟುಕೊಳ್ಳಿ. ನೀರುದೋಸೆ ಹುಯ್ಯುವ ಕಾವಲಿಯಲ್ಲಿ ಮೀನು ಹುರಿಯುತ್ತೀರಾ? ಹಾಗೇ ಇದೂ. ಹೊಗೆ ವಾಸನೆಯ ಚಹಾ, ಮಲ್ಲಿಗೆ ಸೇರಿಸಿದ ಚಹಾ ಒಮ್ಮೆ ಹಾಕಿದರೆ ಆ ವಾಸನೆ ವಾರಗಟ್ಟಲೆ ಇರುತ್ತದೆ. ಅವಕ್ಕೆ ಪಿಂಗಾಣಿ ಇರಲಿ.

ಹಳೇ ಪಾಟ್‌ಗೆ ಬರೀ ಬಿಸಿನೀರು ಹಾಕಿದ್ರೂ ಚಹಾ ಆಗುತ್ತಂತೆ?

ಹೇಳುತ್ತಾರೆ. ಇಪ್ಪತ್ತು ವರ್ಷ ಬಳಸಿದ್ದರಲ್ಲಿ ಹಾಕಿ ನೋಡಿದ್ದೇನೆ. ಚಹಾ ವಾಸನೆಯ ಬಿಸಿನೀರು ಬಂತು.

## ಕೊಳ್ಳುವವರು ಕೇಳುವವು

ಒಳ್ಳೇದಕ್ಕೆ ಎಷ್ಟು ದುಡ್ಡು ಕೊಡಬೇಕು?

ಅರ್ಧ ಕೈಗೆಲಸದ, ನಂಬಿಕಸ್ತರಿಂದ ಕೊಂಡ ಜಿನಿ ಪಾಟ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕುಡಿಯುವವರಿಗೆ ಅದು ಸಾಕು. ಪೂರ್ತಿ ಕೈಗೆಲಸದ್ದು ಅದರ ಹಲವು ಪಟ್ಟು, ಮಾಡಿದವರ ಹೆಸರಿನ ಮೇಲೆ ಇನ್ನೂ ಮೇಲಕ್ಕೆ. ಗು ಜಿಂಗ್‌ಝೋ ಮಾಡಿದ ಅಳಿಲು–ದ್ರಾಕ್ಷಿಯ ಹತ್ತು ಸಾಮಾನಿನ ಚಹಾ ಸೆಟ್ 2015ರಲ್ಲಿ ಬೀಜಿಂಗ್‌ನ ಹರಾಜಿನಲ್ಲಿ 9.2 ಕೋಟಿ ಯುವಾನ್‌ಗೆ ಹೋಯಿತು. ಅದರಲ್ಲಿ ಯಾರೂ ಚಹಾ ಮಾಡುವುದಿಲ್ಲ ಬಿಡಿ. ಮುನ್ನೂರು ರೂಪಾಯಿಗೆ ‘ಅಸಲಿ ಯಿಶಿಂಗ್’ ಎಂದು ಬಂದರೆ ಗಿಡ ನೆಡಲು ತಗೊಳ್ಳಿ.

ಅಸಲಿ ನಕಲಿ ಕಂಡುಹಿಡಿಯೋದು ಹೇಗೆ? ನೀರು ಹೀರಿದ್ರೆ ಅಸಲಿ ಅಂತೆ?

ನೀರು ಹೀರುವುದು, ತಟ್ಟಿದರೆ ಠಣ್ ಅನ್ನುವುದು, ಯಾವುದೂ ಸಾಬೀತಲ್ಲ. ಸರಿಯಾಗಿ ಬೇಯದ ಯಾವ ಮಣ್ಣೂ ನೀರು ಹೀರುತ್ತದೆ. ನಾನು ನೋಡುವುದು ಹೀಗೆ: ಟಾರ್ಚ್ ಹಾಕಿ ಒಳಗೆ ನೋಡುತ್ತೇನೆ. ಪೂರ್ತಿ ಕೈಗೆಲಸದ್ದರಲ್ಲಿ ಪಟ್ಟಿಯ ಎರಡು ಅಂಚು ಸೇರಿದ ಗೆರೆ ಸಾಮಾನ್ಯವಾಗಿ ಹಿಡಿಯ ಕಡೆಯ ಗೋಡೆಯಲ್ಲಿ ಇರುತ್ತದೆ. ಸುರಿದು ಮಾಡಿದ್ದರೆ ಒಳಮೈ ಗಾಜಿನ ಬಾಟಲಿಯಂತೆ ನುಣುಪು, ಮೂತಿ ಒಡಲಿಗೆ ಕೂಡುವಲ್ಲಿ ಅಂಟಿಸಿದ ಗುರುತೇ ಇರುವುದಿಲ್ಲ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣುವಷ್ಟು ಕಣಗಳು ಬೇಕು. ಪೇಂಟ್ ಹೊಡೆದಂತೆ ಒಂದೇ ಸಮನಾದ ಕಣ್ಣು ಕುಕ್ಕುವ ಕೆಂಪು, ಹಸಿರು ಇದ್ದರೆ ಮುಂದೆ ಹೋಗುತ್ತೇನೆ. ಕೊನೆಗೆ ಮೂಗು: ಬಿಸಿನೀರು ಹಾಕಿದಾಗ ಒದ್ದೆ ಕಲ್ಲಿನ ವಾಸನೆ ಬರಬಹುದು, ಶೂ ಪಾಲಿಶ್ ವಾಸನೆ ಬರಬಾರದು. ಹಾಗೆ ಬಂದ ಒಂದನ್ನು ಸಿಂಗಪುರದಿಂದ ಹೊತ್ತು ತಂದಿದ್ದೆ. ಮೂರು ಸಲ ಕುದಿಸಿದರೂ ಹೋಗಲಿಲ್ಲ. ಈಗ ಅದರಲ್ಲಿ ಪೆನ್ಸಿಲ್ ಇವೆ.

ಕೆಮಿಕಲ್ ಸೇರಿಸ್ತಾರೆ ಅಂತ ಓದಿದೆ, ಹೆದರಬೇಕಾ?

2010ರ ಮೇ ತಿಂಗಳಲ್ಲಿ ಚೀನಾದ ಸರ್ಕಾರಿ ವಾಹಿನಿ ಸಿಸಿಟಿವಿಯೇ ಇದನ್ನು ಬಯಲಿಗೆಳೆಯಿತು: ಸಾಧಾರಣ ಮಣ್ಣಿಗೆ ಕಬ್ಬಿಣದ ಆಕ್ಸೈಡ್, ಮ್ಯಾಂಗನೀಸ್ ಬಣ್ಣಗಳನ್ನು ಕಲಸಿ ಜಿಶಾ ಎಂದು ಮಾರುತ್ತಿದ್ದರು. ಆ ವರ್ಷ ಕೊಳ್ಳುವವರು ಬೆಚ್ಚಿಬಿದ್ದರು. ಒಳ್ಳೆಯ ಪಾಟ್‌ಗೆ ಲೇಪವೇ ಇಲ್ಲದ್ದರಿಂದ ಲೇಪದ ಸೀಸದ ಭಯ ಇಲ್ಲ. ಭಯ ಇರುವುದು ಅತಿ ಅಗ್ಗದ, ಅತಿ ಬಣ್ಣದ ಸರಕಿನಲ್ಲಿ. ಹಳೆಯ ಪಾಟ್‌ಗೆ ಬೂಟ್ ಪಾಲಿಶ್, ಮೇಣ ತಿಕ್ಕಿ ‘ನೂರು ವರ್ಷದ್ದು’ ಮಾಡುವವರೂ ಇದ್ದಾರೆ.

ಅಡಿಯಲ್ಲಿ ಸೀಲ್ ಇದೆ, ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಸಾಕಲ್ವಾ?

ಸೀಲು ಅಡಿಯಲ್ಲಿ, ಮುಚ್ಚಳದ ಒಳಗೆ, ಹಿಡಿಯ ಕೆಳಗೆ ಇರುತ್ತದೆ. ಸೀಲು ಕೆತ್ತಿಸುವುದು ಎಷ್ಟು ಹೊತ್ತಿನ ಕೆಲಸ? 17ನೇ ಶತಮಾನದ ಹುಯಿ ಮೆಂಗ್‌ಚೆನ್‌ನ ಹೆಸರಿನ ಸೀಲಿರುವ ಪಾಟ್‌ಗಳು ಇಂದಿಗೂ ತಯಾರಾಗುತ್ತಿವೆ. ಬಿರುದು ಪಡೆದವರು ಶಿಷ್ಯರ ಕೈಯಲ್ಲಿ ಮಾಡಿಸಿ ತಮ್ಮ ಸೀಲು ಒತ್ತಿ ಸರ್ಟಿಫಿಕೇಟ್ ಕೊಡುವುದೂ ಅಲ್ಲಿ ಗುಟ್ಟಲ್ಲ. ಕಾಗದ ಪಕ್ಕಕ್ಕಿಟ್ಟು ಪಾಟ್ ನೋಡಿ.

ಅಂಗಡಿಯಲ್ಲಿ ಕೈಗೆ ತಗೊಂಡು ಏನೇನು ಪರೀಕ್ಷೆ ಮಾಡಲಿ?

ನೀರು ತುಂಬಿಸಿ ಸುರಿಯಿರಿ, ಅವರು ಬೇಡ ಅಂದರೆ ಬೇರೆ ಅಂಗಡಿ ನೋಡಿ. ಧಾರೆ ಒಂದೇ ಎಳೆಯಾಗಿ ಬರಬೇಕು, ನಿಲ್ಲಿಸಿದಾಗ ಹನಿ ಮೂತಿಯ ಕೆಳಗೆ ಜಾರಿ ಹೊಟ್ಟೆ ಒದ್ದೆಯಾಗಬಾರದು. ಸುರಿಯುತ್ತಿರುವಾಗ ಮುಚ್ಚಳದ ತೂತಿನ ಮೇಲೆ ಬೆರಳಿಟ್ಟರೆ ಧಾರೆ ನಿಂತರೆ ಮುಚ್ಚಳ ಬಿಗಿಯಿದೆ ಎಂದರ್ಥ. ಚೆಂದದ ಸಂಗತಿ, ಆದರೆ ಚೂರು ಸಡಿಲವಿದ್ದರೆ ಚಹಾ ಕೆಡುವುದಿಲ್ಲ. ತುಂಬಿದ ಪಾಟನ್ನು ಎರಡು ಬೆರಳಲ್ಲಿ ಎತ್ತಿದಾಗ ಮಣಿಕಟ್ಟು ಒದ್ದಾಡಬಾರದು. ಮೇಲಿನಿಂದ ನೋಡಿದರೆ ಮೂತಿ, ಮುಚ್ಚಳದ ಗುಂಡಿ, ಹಿಡಿ ಒಂದೇ ಗೆರೆಯಲ್ಲಿರಬೇಕು.

## ಪಳಗಿಸುವುದು, ಇಟ್ಟುಕೊಳ್ಳುವುದು

ಹೊಸ ಪಾಟ್ ಪಳಗಿಸೋದು ಹೇಗೆ? ತೋಫು, ಕಬ್ಬು ಹಾಕಿ ಕುದಿಸಬೇಕಂತೆ?

ತೋಫು, ಕಬ್ಬು ಅಡುಗೆಗೆ ಇರಲಿ. ಒಳಗಿನ ಮಣ್ಣಿನ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ಬರೀ ನೀರಲ್ಲಿ ತೊಳೆಯಿರಿ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಪಾಟನ್ನೂ ಮುಚ್ಚಳವನ್ನೂ ಬೇರೆ ಬೇರೆ ಇಟ್ಟು, ತಣ್ಣೀರು ತುಂಬಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಅಲ್ಲೇ ತಣಿಯಲು ಬಿಡಿ. ಬೇಕಿದ್ದರೆ ಮುಂದೆ ಮಾಡುವ ಚಹಾದ ನಾಲ್ಕು ಎಲೆ ಹಾಕಿ. ಮೊದಲ ಒಂದೆರಡು ವಾರ ಚಹಾ ಸಪ್ಪೆ ಅನ್ನಿಸಬಹುದು, ಆಮೇಲೆ ಸರಿಹೋಗುತ್ತದೆ.

ಕೆಲಸದವರು ಸೋಪ್ ಹಾಕಿ ತೊಳೆದುಬಿಟ್ರು! ಹೋಯ್ತಾ?

ನಮ್ಮ ಮನೆಯಲ್ಲಿ ಈ ಘನಕಾರ್ಯ ಮಾಡಿದವರು ನಮ್ಮತ್ತೆ. ಪಾಟ್ ‘ಕರಿ ಹಿಡಿದಿದೆ’ ಎಂದು ಸೋಪು, ಸ್ಟೀಲ್ ನಾರು ಎರಡನ್ನೂ ಹಾಕಿ ತಿಕ್ಕಿ, ಒರೆಸಿ, ಹೆಮ್ಮೆಯಿಂದ ತಂದಿಟ್ಟರು. ಮೂರು ವರ್ಷದ ಹೊಳಪು ಚರಂಡಿ ಸೇರಿತ್ತು. ನಾನು “ತುಂಬಾ ಚೆನ್ನಾಗಿದೆ ಅತ್ತೆ” ಎಂದೆ, ಇನ್ನೇನು ಹೇಳಲಿ. ಎರಡು ಮೂರು ಸಲ ಬರೀ ನೀರಲ್ಲಿ ಕಾಯಿಸಿ ಚೆಲ್ಲಿದ ಮೇಲೆ ನಿಂಬೆ ವಾಸನೆ ಹೋಯಿತು. ಹೊಳಪು ಮರಳಿ ಬರಲು ವರ್ಷ ಹಿಡಿಯಿತು, ನಾರು ಗೀಚಿದ ಗೆರೆ ಉಳಿದಿದೆ.

ದಿನಾ ಬಳಸಿದರೆ ಹೊಳಪು ಬರುತ್ತಂತಲ್ಲ, ಬೇಗ ಬರಿಸೋಕೆ ಏನು ಮಾಡಬೇಕು?

ಬಿಸಿ ಪಾಟನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಅಷ್ಟೇ. ಹಳೆಯ ಪಂಚೆಯ ತುಂಡು ಇದಕ್ಕೆ ಬಲು ಚೆನ್ನ. ಎಣ್ಣೆ, ಕೈಯ ಜಿಡ್ಡು ಹತ್ತಿಸಬೇಡಿ, ಅದು ಕೊಡುವುದು ಅಂಟು ಮಿಂಚು. ಹೊರಗೆ ಚಹಾ ಸುರಿದು ಒರೆಸದೆ ಬಿಟ್ಟರೆ ಪಟ್ಟೆ ಪಟ್ಟೆ ಕಲೆಯಾಗುತ್ತದೆ.

ಮಳೆಗಾಲದಲ್ಲಿ ಒಳಗೆ ಬೂಷ್ಟು ಬಂದಿದೆ. ಎಸೆಯಬೇಕಾ?

ಮಲೆನಾಡು, ಕರಾವಳಿಯವರು ಜೂನ್ ಮುಗಿಯುವುದರೊಳಗೆ ಕೇಳುವ ಪ್ರಶ್ನೆ. ಎಸೆಯಬೇಡಿ. ಎಲೆ ತೆಗೆದು, ಬಿಸಿನೀರಲ್ಲಿ ತೊಳೆದು, ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಬರೀ ನೀರಲ್ಲಿ ಎರಡು ಸಲ ಕಾಯಿಸಿ, ಬಿಸಿಲು ಕಂಡ ದಿನ ಒಣಗಿಸಿ. ಇನ್ನು ಮೇಲೆ ಎಲೆಯನ್ನು ರಾತ್ರಿಯಿಡೀ ಒಳಗೆ ಬಿಡಬೇಡಿ, ಮುಚ್ಚಳ ಹಾಕಿ ಕಪಾಟಿಗೆ ಸೇರಿಸಲೂ ಬೇಡಿ.

ಬೋರ್‌ವೆಲ್ ನೀರಲ್ಲಿ ಮಾಡಬಹುದಾ?

ಗಡಸು ನೀರಿನ ಚಹಾ ಮಂಕಾಗುತ್ತದೆ, ಮೇಲೆ ಕೆನೆಯಂಥ ಪದರ ನಿಲ್ಲುತ್ತದೆ, ಪಾಟ್ ಮೈಮೇಲೆ ಬಿಳಿ ಉಪ್ಪು ಕೂರುತ್ತದೆ. ಪಾಟ್ ಬದಲಿಸುವುದಕ್ಕಿಂತ ಮೊದಲು ನೀರು ಬದಲಿಸಿ. ಫಿಲ್ಟರಿನಲ್ಲಿ ಖನಿಜವೆಲ್ಲ ತೆಗೆದುಬಿಟ್ಟ ನೀರೂ ಸಪ್ಪೆ. ಎರಡನ್ನೂ ಸ್ವಲ್ಪ ಬೆರೆಸಿ ನಿಮ್ಮ ಬಾಯಿಗೆ ಹೊಂದುವುದನ್ನು ಕಂಡುಕೊಳ್ಳಿ.

## ಸ್ವಲ್ಪ ಒಳಗಿಳಿದವರು ಕೇಳುವವು

ಬೆಟ್ಟದ ಮಣ್ಣು ಮುಗಿದೇ ಹೋಯ್ತಂತೆ, ಹಾಗಾದ್ರೆ ಈಗ ಮಾರೋದೆಲ್ಲ ಏನು?

ಹುವಾಂಗ್‌ಲೊಂಗ್ ಬೆಟ್ಟದ ಗಣಿಗಾರಿಕೆ 2005ರ ಹೊತ್ತಿಗೆ ನಿಂತಿತು. ಆದರೆ ಅದಕ್ಕೂ ಮೊದಲು ತೆಗೆದು ಕೂಡಿಟ್ಟ ಕಲ್ಲು ಕಾರ್ಖಾನೆಗಳಲ್ಲಿ, ಮನೆಗಳಲ್ಲಿ ಬೇಕಾದಷ್ಟಿತ್ತು. ಒಂದು ಪಾಟ್‌ಗೆ ಬೇಕಾಗುವುದು ಮುಷ್ಟಿಯಷ್ಟು ಮಣ್ಣು. ಸುತ್ತಲಿನ ಬೇರೆ ಜಾಗಗಳ ಮಣ್ಣೂ ಬೆರೆಯುತ್ತದೆ. “ಇದು ಅದೇ ಬೆಟ್ಟದ 4ನೇ ನಂಬರ್ ಗಣಿಯದ್ದು” ಎಂದು ಹೇಳಿದವರ ಮಾತನ್ನು ಮನೆಯಲ್ಲಿ ಕೂತು ಪರೀಕ್ಷಿಸುವ ದಾರಿಯಿಲ್ಲ, ಆ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ಜಪಾನಿನ ಕೆಂಪು ಪಾಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. 1878ರಲ್ಲಿ ಜಿನ್ ಶಿಹೆಂಗ್ ಎಂಬ ಚೀನೀ ಕುಶಲಕರ್ಮಿಯನ್ನು ಜಪಾನಿನ ತೊಕೊನಾಮೆಗೆ ಕರೆಸಿ, ಈ ಬಡಿದು ಕಟ್ಟುವ ಕೆಲಸ ಕಲಿತರು. ಆಮೇಲೆ ಅವರು ತಮ್ಮ ತಿಗರಿಗೇ ಮರಳಿ, ಪಕ್ಕದಲ್ಲಿ ಉದ್ದ ಹಿಡಿಯಿರುವ ತಮ್ಮದೇ ಪಾಟ್ ಬೆಳೆಸಿದರು. ಯುರೋಪಿನ ಕಥೆ ಇನ್ನೂ ಹಳೆಯದು: 17ನೇ ಶತಮಾನದಲ್ಲಿ ಚಹಾ ಪೆಟ್ಟಿಗೆಗಳ ಜೊತೆ ಹಡಗಿನಲ್ಲಿ ಬಂದ ಯಿಶಿಂಗ್ ಪಾಟ್‌ಗಳನ್ನು ನೋಡಿ ಡಚ್ಚರ ಡೆಲ್ಫ್ಟ್‌ನಲ್ಲಿ, ಇಂಗ್ಲೆಂಡಿನಲ್ಲಿ ಕೆಂಪು ಪಾಟ್ ಮಾಡಿದರು. ಜರ್ಮನಿಯಲ್ಲಿ ಪಿಂಗಾಣಿಯ ಗುಟ್ಟು ಒಡೆದ ಬೋಟ್ಗರ್ ಮೊದಲು ಸಾಧಿಸಿದ್ದು ಇದರ ನಕಲನ್ನೇ.

ಕುದಿನೀರು ಹಾಕಿದ ತಕ್ಷಣ ಝೂನಿ ಪಾಟ್ ‘ಟಿಕ್’ ಅಂತು, ಸೀಳು ಬಂದಿದೆ. ನನ್ನ ತಪ್ಪಾ?

ಅರ್ಧ ನಿಮ್ಮದು, ಅರ್ಧ ಅದರ ಜಾತಿಯದು. ಸಾಂದ್ರ ಮಣ್ಣು, ತೆಳು ಗೋಡೆ. ತಣ್ಣಗಿದ್ದಾಗ ಒಂದೇ ಸಲ ಕುದಿನೀರು ಬಿದ್ದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ. ಚಳಿಯ ಬೆಳಿಗ್ಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ, ಆಮೇಲೆ ಕುದಿ. ಕೂದಲೆಳೆ ಸೀಳಿದ್ದು ಸೋರದಿದ್ದರೆ ಬಳಸುತ್ತಿರಿ.

ಮುಚ್ಚಳ ಬಿದ್ದು ಎರಡು ಹೋಳಾಯ್ತು. ಅಂಟಿಸಿ ಬಳಸಬಹುದಾ?

ಅಂಗಡಿಯ ಅಂಟು ಬಿಸಿ ಆವಿಗೆ ಮೆತ್ತಗಾಗುತ್ತದೆ, ಚಹಾಕ್ಕೂ ಅದು ತಾಗುವುದು ಬೇಡ. ಚೀನಾದಲ್ಲಿ ಒಡೆದ ಪಿಂಗಾಣಿ, ಪಾಟ್‌ಗಳಿಗೆ ಸಣ್ಣ ಲೋಹದ ಕೊಕ್ಕೆ ಹೊಡೆದು ಹೊಲಿಯುವ ಹಳೆಯ ಕಸುಬಿದೆ, ಜಪಾನಿನವರು ಒಂದು ಮರದ ಅಂಟುರಸದಿಂದ ಕೂಡಿಸಿ ಚಿನ್ನದ ಪುಡಿ ಉದುರಿಸುತ್ತಾರೆ. ಎರಡೂ ಪಾಟ್‌ಗಿಂತ ದುಬಾರಿಯಾದಾವು. ನನ್ನ ಎರಡನೇ ಪಾಟ್‌ನ ಮುಚ್ಚಳ ಒಡೆದು ನಾಲ್ಕು ವರ್ಷವಾಯಿತು. ಬಾಯಿಯ ಅಳತೆ ಹಿಡಿದು ಮನೆಯ ಡಬ್ಬಿ, ಬಾಟಲಿಗಳ ಮುಚ್ಚಳವನ್ನೆಲ್ಲ ಇಟ್ಟು ನೋಡಿದೆ. ಕೊನೆಗೆ ಸರಿಯಾಗಿ ಕೂತದ್ದು ಹಳೆಯ ಪಿಂಗಾಣಿ ಉಪ್ಪಿನಕಾಯಿ ಭರಣಿಯದ್ದು. ಕಂದು ಪಾಟ್‌ನ ಮೇಲೆ ಬಿಳಿ ಟೋಪಿ. ಆವಿ ಹೋಗಲು ತೂತಿಲ್ಲದ್ದರಿಂದ ಸುರಿಯುವಾಗ ಒಂಚೂರು ಎತ್ತಿ ಹಿಡಿಯಬೇಕು.